ಮೇಜಿನ ಮೇಲೆ ಎಂಟಾಣೆ

ಅಂಗಡಿ ಬಿಟ್ಟುಕೊಟ್ಟು ಎರಡು ವರ್ಷವಾಯಿತು. ಈಗಲೂ ತಿಂಗಳಿಗೆ ಒಬ್ಬಿಬ್ಬರು ಹೆಜಮಾಡಿಯ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಕಾಮಿಕ್ಸ್ ಮತ್ತು ಬೋರ್ಡ್ ಗೇಮಿನ ಅಂಗಡಿ ಹಾಕಬೇಕೆಂದಿರುವ ಹುಡುಗ ಹುಡುಗಿಯರು. ಕೂತ ಕೂಡಲೇ ಕೇಳುವುದು ಒಂದೇ ಪ್ರಶ್ನೆ: "ಬಂಡವಾಳ ಎಷ್ಟು ಬೇಕು ಅಂಕಲ್?"

ಒಂದು ಮೇಜು ಬೇಕು ಎನ್ನುತ್ತೇನೆ. ಆರು ಜನ ಮೊಣಕೈ ಊರಿ ಕೂರುವಷ್ಟು ದೊಡ್ಡದು, ಸೋತವನು ಸಿಟ್ಟಿನಲ್ಲಿ ಗುದ್ದಿದರೆ ಅಲುಗಾಡದಷ್ಟು ಗಟ್ಟಿ. ಅವರು ನಗುತ್ತಾರೆ. ನಾನು ತಮಾಷೆಗೆ ಹೇಳಿದ್ದಲ್ಲ. ಆ ಮೇಜನ್ನು ಉಳಿಸಿಕೊಳ್ಳಲಿಕ್ಕೆ ಜೀವಮಾನದ ದೊಡ್ಡ ಚೌಕಾಸಿ ಮಾಡಿದವನು ನಾನು. ಅದನ್ನು ಹೇಳಲಿಕ್ಕೇ ಕೂತದ್ದು. ಆದರೆ ಹಿಂದಿನ ನಾಲ್ಕು ಸಂಗತಿ ಗೊತ್ತಿಲ್ಲದಿದ್ದರೆ ಅದರ ರುಚಿ ಹತ್ತುವುದಿಲ್ಲ.

ನಾನು ಓದಿದ್ದು ಎಂಟನೆಯ ಕ್ಲಾಸಿನವರೆಗೆ. ಆಮೇಲೆ ಕಾರ್ಕಳದ ಒಂದು ಹಳೆ ಪೇಪರ್ ಅಂಗಡಿಯಲ್ಲಿ ತಕ್ಕಡಿ ಹಿಡಿಯುವ ಕೆಲಸ. ಯಜಮಾನರು ಕಾಪುವಿನ ಬ್ಯಾರಿಗಳು, ಹೆಸರು ಹಸನಬ್ಬ. ಪೇಟೆಗೆಲ್ಲ ಅವರು ಹಸನಬ್ಬಾಕ. ಅಕ್ಷರ ಬಾರದ ಮನುಷ್ಯ, ಆದರೆ ಕಾಗದವನ್ನು ಬೆರಳಿನಲ್ಲಿ ಮುಟ್ಟಿ ಇದು ಯಾವ ಲಾಯಕ್ಕಿನದು ಎಂದು ಹೇಳುತ್ತಿದ್ದರು. ಒಮ್ಮೆ ಬೆಳ್ಮಣ್ಣಿನ ಒಂದು ಮನೆಯಿಂದ ಒಂದು ಗೋಣಿ ಹಳೆ ಕಾಮಿಕ್ಸ್ ಬಂತು. ನಾನು ಅದನ್ನು ಪೇಪರಿನ ಜೊತೆ ತಕ್ಕಡಿಗೆ ಹಾಕಿ, ಪೊಟ್ಟಣ ಕಟ್ಟುವವರಿಗೆ ಕೊಡಲು ಹೊರಟಿದ್ದೆ. ಅಷ್ಟರಲ್ಲಿ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಮೇಷ್ಟ್ರು ಒಳಗೆ ಬಂದು, ಒಂದು ಪುಸ್ತಕ ಎತ್ತಿ, ಒಂದು ಕಿಲೋ ಪೇಪರಿನ ಕ್ರಯ ಕೊಟ್ಟು ಹೋದರು. ಒಂದೇ ಪುಸ್ತಕಕ್ಕೆ.

ಹಸನಬ್ಬಾಕ ತಕ್ಕಡಿಯಿಂದ ಗೋಣಿ ಇಳಿಸಿದರು. "ನೋಡು ಸದಾನಂದ, ತೂಕದಲ್ಲಿ ತಗೊಂಡದ್ದನ್ನು ಎಣಿಕೆಯಲ್ಲಿ ಕೊಡು. ಎಣಿಕೆಯಲ್ಲಿ ತಗೊಂಡದ್ದನ್ನು ತೂಕದಲ್ಲಿ ಕೊಟ್ಟೆಯಾ, ಒಂದು ದಿವಸ ನಿನ್ನನ್ನೇ ತಕ್ಕಡಿಗೆ ಹಾಕ್ಬೇಕಾದೀತು."

ನಾನು ಕಲಿತ ವ್ಯಾಪಾರಶಾಸ್ತ್ರ ಇಷ್ಟೇ. ಮತ್ತೆ ಅವರು ಕೊಟ್ಟ ಇನ್ನೊಂದು ಸವಲತ್ತು ಇತ್ತು. ಹಳೆ ಡ್ರಾಯರು, ಕಂಪಾಸು ಪೆಟ್ಟಿಗೆ, ಪುಸ್ತಕದ ಮಡಿಕೆ, ಎಲ್ಲಿ ಚಿಲ್ಲರೆ ಸಿಕ್ಕಿದರೂ ಅದು ಕೆಲಸದವನಿಗೆ. ಹೆಚ್ಚಾಗಿ ಸಿಗುತ್ತಿದ್ದುದು ನಾಲ್ಕಾಣೆ. ಅವನ್ನು ಮಾತ್ರ ನಾನು ಒಂದು ಉಪ್ಪಿನಕಾಯಿ ಭರಣಿಗೆ ಹಾಕಿಟ್ಟೆ. ಭರಣಿ ತುಂಬುವಾಗ ನಾಲ್ಕಾಣೆಗೆ ಬೆಲೆಯೇ ಹೋಗಿತ್ತು. ಎಸೆಯಲಿಕ್ಕೆ ಮನಸ್ಸು ಬರಲಿಲ್ಲ. ಈ ಭರಣಿಯನ್ನು ನೆನಪಿನಲ್ಲಿಡಿ.

ಮಣಿಪಾಲದಲ್ಲಿ ಸ್ವಂತ ಅಂಗಡಿ ಹಾಕಿದಾಗ ನನ್ನ ಹತ್ತಿರ ಇದ್ದದ್ದು ಮುನ್ನೂರು ಚಿಲ್ಲರೆ ಹಳೆ ಕಾಮಿಕ್ಸು ಮತ್ತು ಬಹಳ ಧೈರ್ಯ. ಮೊದಲ ವರ್ಷವೇ ದೊಡ್ಡ ಮೂರ್ಖತನ ಮಾಡಿದೆ. ಬಿಡಿ ಪುಸ್ತಕಗಳು ಮುದುಡಿ ಹೋಗುತ್ತವೆ ಎಂದು ಹತ್ತು ಹತ್ತನ್ನು ಸೇರಿಸಿ, ಅಂಚು ಕತ್ತರಿಸಿ, ದಬ್ಬಣದಲ್ಲಿ ಹೊಲಿದು, ರಟ್ಟು ಹಾಕಿ ಬೈಂಡ್ ಮಾಡಿಸಿದೆ. ನನಗೆ ಬಹಳ ಹೆಮ್ಮೆ. ಮಂಗಳೂರಿನಿಂದ ಹಳೆ ಕಾಮಿಕ್ಸ್ ಸಂಗ್ರಹಿಸುವ ಒಬ್ಬರು ಡಾಕ್ಟರು ಬಂದರು. ಬೈಂಡ್ ತೆರೆದು ನೋಡಿದರು, ಮುಚ್ಚಿದರು, ಕನ್ನಡಕ ತೆಗೆದು ಒರೆಸಿಕೊಂಡರು.

"ಇದನ್ನು ಯಾರು ಮಾಡಿದ್ದು?"

"ನಾನೇ ಸಾರ್. ಗಟ್ಟಿ ಉಂಟು, ಎಷ್ಟು ವರ್ಷ ಆದ್ರೂ ಎಂತ ಆಗುದಿಲ್ಲ."

"ಆಗುವುದೆಲ್ಲ ಆಗಿ ಹೋಗಿದೆ ಮಾರಾಯ್ರೇ" ಎಂದರು. ಅಂಚು ಹೋದ ಪುಸ್ತಕ, ತೂತು ಬಿದ್ದ ಪುಸ್ತಕ ಸಂಗ್ರಹದವರಿಗೆ ರದ್ದಿಗೆ ಸಮ. ಎಣಿಕೆಯ ಮಾಲನ್ನು ನಾನೇ ತೂಕಕ್ಕೆ ಇಳಿಸಿದ್ದೆ. ಅಲ್ಲಿಂದ ಮುಂದೆ ಕ್ರಯದ ಚೀಟಿಯನ್ನೂ ಪುಸ್ತಕಕ್ಕೆ ಅಂಟಿಸಲಿಲ್ಲ, ಪ್ಲಾಸ್ಟಿಕ್ ಕವರಿಗೆ ಅಂಟಿಸಿದೆ. ಹೊಸಬರಿಗೆ ಹೇಳುತ್ತೇನೆ: ನಿಮಗೆ ಚಂದ ಕಂಡದ್ದು ಗಿರಾಕಿಗೆ ಹಾಳು ಕಾಣಬಹುದು. ಕೈ ಹಾಕುವ ಮೊದಲು ಒಬ್ಬ ಗಿರಾಕಿಯನ್ನು ಕೇಳಿ.

ನನ್ನ ಗಿರಾಕಿಗಳಲ್ಲಿ ನನಗೆ ನೀರು ಕುಡಿಸಿದವರು ಕಲ್ಯಾಣಿಯಕ್ಕ. ಎರ್ಮಾಳಿನವರು, ಮೀನು ಮಾರುವವರು. ಮೊಮ್ಮಗಳು ಬಣ್ಣದ ಪುಸ್ತಕ ಕೇಳಿದ್ದಾಳೆಂದು ಖಾಲಿ ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಬಂದರು. ಕಾಮಿಕ್ಸನ್ನು ಕೈಗೆತ್ತಿಕೊಂಡು, ಬಂಗುಡೆಯ ಕಿವಿರು ಎತ್ತಿ ನೋಡುವ ಹಾಗೆ ರಕ್ಷಾಪುಟ ಎತ್ತಿ ಬೆನ್ನನ್ನು ಒತ್ತಿದರು. ಮೂಸಿ ನೋಡಿದರು.

"ಇದು ಹಳತು ಅಣ್ಣ. ಅರ್ಧಕ್ಕೆ ಕೊಡು."

"ಅಕ್ಕ, ಇದು ಮೀನಲ್ಲ. ಹಳತಾದಷ್ಟು ಕ್ರಯ ಜಾಸ್ತಿ."

"ಹಾಗಾದ್ರೆ ನಾಳೆ ನಾನು ಮೂರು ದಿವಸದ ಬೂತಾಯಿ ತರ್ತೇನೆ, ಜಾಸ್ತಿ ಕ್ರಯಕ್ಕೆ ತಗೋ" ಎಂದರು. ಅಂಗಡಿಯಲ್ಲಿದ್ದ ಕಾಲೇಜಿನವರೆಲ್ಲ ನಕ್ಕರು. ಅರ್ಧಕ್ಕೇ ಕೊಟ್ಟೆ. ಆದರೆ ಅವರು ಹೋಗುವಾಗ ಎರಡನೆಯ ಭಾಗ ಇದೆ ಎಂದು ಮಾತ್ರ ಹೇಳಿದೆ. ಮರುವಾರ ಬಂದು ಅದನ್ನು ಪೂರ್ತಿ ಕ್ರಯಕ್ಕೆ ಕೊಂಡರು, ಬೈಯುತ್ತಾ. ಮೊಮ್ಮಗಳು ಊಟ ಬಿಟ್ಟು ಕೂತಿದ್ದಳಂತೆ. ಮೊದಲ ಭಾಗದಲ್ಲಿ ಸೋಲಿರಿ, ಎರಡನೆಯದರಲ್ಲಿ ಗೆಲ್ಲಿರಿ.

ಬೋರ್ಡ್ ಗೇಮು ನನ್ನ ಕೈಗೆ ಬಂದದ್ದು ರಟ್ಟಿನ ಲೆಕ್ಕದಲ್ಲಿ. ಮಣಿಪಾಲದಲ್ಲೂ ಹಳೆ ಪೇಪರಿನ ತಕ್ಕಡಿ ಇಟ್ಟುಕೊಂಡಿದ್ದೆ. ಓದು ಮುಗಿಸಿ ಊರಿಗೆ ಹೊರಟ ಒಬ್ಬ ವಿದ್ಯಾರ್ಥಿ ಪುಸ್ತಕ, ಬಕೆಟು, ಎರಡು ದೊಡ್ಡ ಪೆಟ್ಟಿಗೆ ಎಲ್ಲ ಒಟ್ಟಿಗೆ ತೂಗಿಸಿ ಹೋದ. ಪೆಟ್ಟಿಗೆ ತೆರೆದರೆ ಒಳಗೆ ನಕಾಶೆ, ಬಣ್ಣದ ಮರದ ಕಾಯಿಗಳು, ದಾಳ, ಇಸ್ಪೀಟಿನಂಥ ಇನ್ನೂರು ಎಲೆ. ನನಗೆ ತಲೆಬುಡ ತಿಳಿಯಲಿಲ್ಲ. ಆಗ ಅಂಗಡಿಯಲ್ಲಿದ್ದ ನಾಲ್ವರನ್ನು ಕೇಳಿದೆ. ಅವರು ನೆಲದಲ್ಲೇ ಕೂತು ಆಡಿ ತೋರಿಸುತ್ತೇವೆ ಎಂದರು. ಮೂರು ಗಂಟೆ ಕಾಲ ಏಳಲಿಲ್ಲ. ಎದ್ದವರು ಕಾಲು ಜೋಮು ಹಿಡಿದು ಕುಂಟುತ್ತಾ ಹನ್ನೊಂದು ಕಾಮಿಕ್ಸ್ ಕೊಂಡು ಹೋದರು. ಕೂತ ಗಿರಾಕಿ ಕೊಳ್ಳುತ್ತಾನೆ, ನಿಂತ ಗಿರಾಕಿ ಹೋಗುತ್ತಾನೆ. ಆ ವಾರವೇ ಉಡುಪಿಯಲ್ಲಿ ಮುಚ್ಚಿದ ಒಂದು ಹೋಟೆಲಿನಿಂದ ಹಲಸಿನ ಮರದ ಮೇಜನ್ನು ಚೌಕಾಸಿ ಮಾಡಿ ತಂದು ಹಿಂದಿನ ಕೋಣೆಯಲ್ಲಿ ಹಾಕಿದೆ.

ಆಮೇಲೆ ಆನ್‌ಲೈನ್ ಬಂತು. ಅದೇ ಪೆಟ್ಟಿಗೆ ನನಗಿಂತ ಅಗ್ಗಕ್ಕೆ ಮನೆಬಾಗಿಲಿಗೆ. ಕಾಮಿಕ್ಸ್ ಫೋನಿನೊಳಗೆ ಹೋಯಿತು. ನಮ್ಮಂಥ ಹಲವರು ಮುಚ್ಚಿದರು. ನಾನು ಉಳಿದದ್ದು ಮೇಜಿನಿಂದ. ಪೆಟ್ಟಿಗೆಯನ್ನು ಯಾರು ಬೇಕಾದರೂ ಮಾರಬಹುದು, ಆದರೆ ನಲವತ್ತು ಪುಟದ ನಿಯಮವನ್ನು ಹತ್ತು ನಿಮಿಷದಲ್ಲಿ ಬಾಯಲ್ಲಿ ಹೇಳಿ ಆಡಿಸುವವರು ಬೇಕಲ್ಲ. ಒಂದು ಆಟ ತೆರೆದಿಡುತ್ತಿದ್ದೆ, ಯಾರು ಬೇಕಾದರೂ ಆಡಬಹುದು. ಆಡಿದ ನಾಲ್ವರಲ್ಲಿ ಒಬ್ಬರು ಹೊಸದನ್ನು ಕೊಳ್ಳುತ್ತಿದ್ದರು. ಕಾಪುವಿನ ಸಫಿಯಾ ಎಂಬ ಹುಡುಗಿ, ಆಗ ನರ್ಸಿಂಗ್ ಓದುತ್ತಿದ್ದವಳು, ನನಗಿಂತ ಚೆನ್ನಾಗಿ ನಿಯಮ ಹೇಳುತ್ತಿದ್ದಳು. ಅವಳು ಹೇಳುವ ದಿನ ನಾನು ಬಾಯಿ ಮುಚ್ಚಿ ಗಲ್ಲೆಯಲ್ಲಿ ಕೂತಿರುತ್ತಿದ್ದೆ.

ತೆರೆದಿಟ್ಟ ಆಟದಲ್ಲಿ ಒಂದು ತೊಂದರೆ: ಕಾಯಿಗಳು ಕಳೆಯುತ್ತವೆ. ಬಿಡಿ ಕಾಯಿ ಕಂಪನಿಯಿಂದ ಬರುವುದಿಲ್ಲ. ಅಡಿಕೆ ಹೋಳು ಇಟ್ಟು ನೋಡಿದೆ, ಮಳೆಗಾಲದಲ್ಲಿ ಬೂಸಲು ಬಂತು. ಅಂಗಿಯ ಗುಂಡಿ ಜಾರುತ್ತದೆ. ಕೊನೆಗೆ ನೆನಪಾದದ್ದು ನನ್ನ ಭರಣಿ. ನಾಲ್ಕಾಣೆ ಕೈಗೆ ಭಾರ, ಸಾಲಾಗಿ ನಿಲ್ಲುತ್ತದೆ, ಬೂಸಲಿಲ್ಲ, ಖರ್ಚಿಲ್ಲ. ಅಂದಿನಿಂದ ಕಳೆದ ಕಾಯಿಗೆಲ್ಲ ನಾಲ್ಕಾಣೆ. ಒಂದೆರಡು ವರ್ಷ ಹೋದ ಮೇಲೆ ನನ್ನ ಕಣ್ಣಿಗೆ ಅವು ನಾಣ್ಯವಾಗಿ ಕಾಣುವುದೇ ನಿಂತಿತು. ಕಾಯಿ ಎಂದರೆ ಕಾಯಿ. ಇಂಥ ಜಾಣತನ ನನ್ನದು.

ಈ ಮೇಜಿಗೆ ಬಂದವರಲ್ಲಿ ಬಸವರಾಜ ಎಂಬವನೊಬ್ಬ. ಬಾಗಲಕೋಟೆ ಕಡೆಯವನು, ಹತ್ತಿರದ ಕಟ್ಟಡದಲ್ಲಿ ಟೈಲ್ಸ್ ಕೂರಿಸುವ ಕೆಲಸ. ಒಂದು ಭಾನುವಾರ ಬಾಗಿಲಲ್ಲಿ ನಿಂತು, "ಸಾಹುಕಾರ್ರ, ಒಳಗ ಬರಬಹುದೇನ್ರಿ? ಇದೇನ್ ಆಟ ಐತ್ರಿ?" ಎಂದು ಕೇಳಿದ. ಮೆಡಿಕಲ್ ಓದುವ ಮೂವರು ಜಾಗ ಬಿಟ್ಟರು, ಪಾಪ ಎಂದುಕೊಂಡು. ಬಸವರಾಜ ಎರಡು ಸುತ್ತು ಸುಮ್ಮನೆ ನೋಡಿದ. ಊರಿನ ಕಟ್ಟೆಯ ಮೇಲೆ ಹುಲಿಕುರಿ ಆಟ ಆಡಿ ಬೆಳೆದವನು. ನಾಲ್ಕನೆಯ ಸುತ್ತಿಗೆ ಮೂವರ ದಾರಿಯನ್ನೂ ಕಟ್ಟಿ ಹಾಕಿದ್ದ. "ಡಾಕ್ಟರ್ರ, ನಿಮ್ಮ ಕುರಿ ಹೊರಗ ಬರಂಗಿಲ್ರಿ" ಎಂದು ಮೆತ್ತಗೆ ಹೇಳಿದ. ಅಂದಿನಿಂದ ಭಾನುವಾರ ಅವನಿಗೊಂದು ಕುರ್ಚಿ ಇಡುವುದು ರೂಢಿಯಾಯಿತು.

ಇನ್ನು ಆ ಚೌಕಾಸಿಯ ವಿಷಯ.

ಕಟ್ಟಡದ ಯಜಮಾನಿ ವಾಸಂತಿ ಕಾಮತ್, ನಮಗೆಲ್ಲ ವಾಸಂತಕ್ಕ. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು ನಿವೃತ್ತರಾದವರು, ಮೇಲಿನ ಮಹಡಿಯಲ್ಲಿ ವಾಸ. ನನ್ನ ಪಕ್ಕದಲ್ಲಿ ರಾಘುವಿನ ಜೆರಾಕ್ಸ್ ಅಂಗಡಿ. ಅವನಿಗೆ ಹೊಸ ಮೆಷಿನ್ ಇಡಲು ಜಾಗ ಬೇಕಿತ್ತು, ನನ್ನ ಹಿಂದಿನ ಕೋಣೆಯ ಮೇಲೆ ಕಣ್ಣು. ಕರಾರು ಮುಗಿಯುವ ತಿಂಗಳು ಅವನು ಮೇಲೆ ಹೋಗಿ ಹೇಳಿದ: ಕೆಳಗೆ ದುಡ್ಡು ಕಟ್ಟಿ ಜುಗಾರಿ ನಡೆಯುತ್ತಿದೆ. ದಾಳದ ಸದ್ದು ವಾಸಂತಕ್ಕನ ಕಿಟಕಿಗೆ ಕೇಳುತ್ತಲೇ ಇತ್ತು. ನಂಬಿದರು.

ನಾನು ಹೋಗಿ ನನಗೆ ಗೊತ್ತಿದ್ದ ವಿದ್ಯೆಯನ್ನೇ ತೋರಿಸಿದೆ. ಬಾಡಿಗೆ ಹೆಚ್ಚು ಮಾಡುತ್ತೇನೆ ಎಂದೆ.

"ಬಾಡಿಗೆಯ ಮಾತಲ್ಲ ಸದಾನಂದ್ರೇ. ಮನೆಯ ಅಡಿಯಲ್ಲಿ ಜುಗಾರಿ ಅಂತ ಹೇಳಿದ್ರೆ ನಾನು ಯಾರಿಗೆ ಮುಖ ತೋರಿಸುದು?"

ಇನ್ನಷ್ಟು ಹೆಚ್ಚು ಮಾಡಿದೆ. ಅವರ ಮುಖ ಇನ್ನಷ್ಟು ಗಂಟಾಯಿತು. ಇಷ್ಟು ಕೊಡುತ್ತಾನೆಂದರೆ ನಿಜವಾಗಿ ಜುಗಾರಿಯೇ ಎಂದುಕೊಂಡರೋ ಏನೋ. ಎದುರಿನವರಿಗೆ ದುಡ್ಡು ಬೇಡದಿರುವಾಗ ದುಡ್ಡಿನಲ್ಲಿ ಮಾತಾಡಿದರೆ ಕೆಟ್ಟೆವು ಎಂದು ಅಂದು ಕಲಿತೆ. ಆ ಕೋಣೆ ಹೋದರೆ ಅಂಗಡಿಯೂ ಹೋಯಿತು. ಮುಂದಿನ ಭಾಗದಲ್ಲಿ ಬರೀ ಪೆಟ್ಟಿಗೆ ಜೋಡಿಸಿಟ್ಟು ಆನ್‌ಲೈನಿನ ಎದುರು ಆರು ತಿಂಗಳೂ ನಿಲ್ಲಲಾರೆ ಎಂದು ನನಗೆ ಗೊತ್ತಿತ್ತು. ಹಾಗಾಗಿ ಮಾತು ಬದಲಿಸಿದೆ.

"ಅಕ್ಕ, ನೀವು ಯಾವಾಗ ಬೇಕಾದ್ರೂ ಬನ್ನಿ, ಹೇಳದೆ ಬನ್ನಿ. ಆ ಮೇಜಿನ ಮೇಲೆ ಒಂದು ಪೈಸೆ ದುಡ್ಡು ಕಂಡ್ರೆ ಮರುದಿವಸ ಕೋಣೆ ಖಾಲಿ ಮಾಡ್ತೇನೆ."

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಒಂದು ಪೈಸೆ?"

"ಒಂದು ಪೈಸೆ."

"ಮಾತು ಮಾತೇ ಆಗ್ಬೇಕು."

ಗೆದ್ದೆ ಎಂದುಕೊಂಡು ಮೆಟ್ಟಿಲು ಇಳಿದೆ. ಭರಣಿ ನೆನಪಾಗಲೇ ಇಲ್ಲ.

ಮೂರನೆಯ ದಿನ, ಭಾನುವಾರ, ಸಂಜೆ ನಾಲ್ಕು ಗಂಟೆ. ಸಫಿಯಾ, ಬಸವರಾಜ, ಇನ್ನಿಬ್ಬರು ವಿದ್ಯಾರ್ಥಿಗಳು ಆಡುತ್ತಿದ್ದರು. ಸಮುದ್ರ ಏರಿ ಬಂದು ಒಂದು ಊರು ಮುಳುಗುತ್ತದೆ, ಎಲ್ಲರೂ ಸೇರಿ ಅದನ್ನು ಉಳಿಸಬೇಕು, ಅಂಥ ಆಟ. ಆ ಪೆಟ್ಟಿಗೆಯ ಮರಳುಚೀಲದ ಕಾಯಿಗಳೆಲ್ಲ ಎಂದೋ ಕಳೆದಿದ್ದವು. ವಾಸಂತಕ್ಕ ಕರಾರಿನ ಕಾಗದ ಹಿಡಿದುಕೊಂಡು ಒಳಗೆ ಬಂದರು. ಮೇಜಿನ ನಡುವೆ ನಾಣ್ಯದ ರಾಶಿ, ಬದಿಯಲ್ಲಿ ದಾಳ.

ನನ್ನ ಕಣ್ಣಿಗೆ ಅವು ಮತ್ತೆ ನಾಣ್ಯವಾಗಿ ಕಂಡದ್ದು ಆ ಗಳಿಗೆಯಲ್ಲಿ.

"ಯಾರು ಗೆದ್ದದ್ದು?" ವಾಸಂತಕ್ಕ ಕೇಳಿದರು.

ಬಸವರಾಜ ಎದ್ದು ನಿಂತ. "ಯಾರೂ ಗೆದ್ದಿಲ್ರೀ ಅಮ್ಮಾರ. ಎಲ್ಲಾರೂ ಕೂಡೇ ಸೋತೀವ್ರಿ. ಊರು ಮುಳುಗೇತ್ರಿ."

"ಎಲ್ಲರೂ ಸೋತ್ರೆ ಈ ದುಡ್ಡು ಯಾರಿಗೆ?"

"ಸಮುದ್ರಕ್ಕ್ರಿ."

ಸಫಿಯಾ ನಗು ತಡೆಯಲಾಗದೆ ಶಾಲು ಬಾಯಿಗೆ ಒತ್ತಿಕೊಂಡಳು. ವಾಸಂತಕ್ಕ ನಗಲಿಲ್ಲ. ಬಸವರಾಜನ ಕುರ್ಚಿಯಲ್ಲಿ ಕೂತು, ರಾಶಿಯನ್ನು ತಮ್ಮತ್ತ ಎಳೆದು, ಕೌಂಟರಿನಲ್ಲಿ ಮಾಡುತ್ತಿದ್ದ ಹಾಗೆ ಒಂದೊಂದನ್ನೇ ಹೆಬ್ಬೆರಳಿನಲ್ಲಿ ಜಾರಿಸಿ ನೋಡತೊಡಗಿದರು. ಮೊದಲು ಬಂದದ್ದರ ಮೇಲೆಲ್ಲ ಘೇಂಡಾಮೃಗ.

"ನಾಲ್ಕಾಣೆ. ಇದನ್ನು ಸರಕಾರ ಹಿಂದೆ ತಗೊಂಡಾಗಿದೆ. ಜನ ಚೀಲ ಚೀಲ ತಂದು ಸುರಿದದ್ದು ನನ್ನ ಕೌಂಟರಿಗೇ. ಇದು ದುಡ್ಡಲ್ಲ."

ನನಗೆ ಉಸಿರು ಬಂತು.

"ಇದೂ ಅಲ್ಲ. ಇದೂ ಅಲ್ಲ." ಬೆರಳು ನಿಂತಿತು. ತುಸು ದೊಡ್ಡ ನಾಣ್ಯವೊಂದನ್ನು ಎತ್ತಿ ಬೆಳಕಿಗೆ ಹಿಡಿದರು. "ಇದು ಎಂಟಾಣೆ. ಎಂಟಾಣೆ ಇನ್ನೂ ಚಲಾವಣೆಯಲ್ಲಿ ಉಂಟು ಸದಾನಂದ್ರೇ. ಇದು ದುಡ್ಡು."

ಇಡೀ ಭರಣಿಯಲ್ಲಿ ತಪ್ಪಿ ಬಿದ್ದ ಒಂದೇ ಒಂದು. ನಾನು ಒಂದು ಪೈಸೆ ಎಂದು ಜಂಬದಲ್ಲಿ ಹೇಳಿದ್ದೆ, ಸಿಕ್ಕಿದ್ದು ಐವತ್ತು. ಕೊಟ್ಟ ಮಾತು ಕೊಟ್ಟದ್ದೇ. ಹಳೆ ಪೇಪರಿನ ವ್ಯಾಪಾರದಲ್ಲಿ ಕಾಗದಪತ್ರ ಇರುವುದಿಲ್ಲ, ಬಾಯಿಮಾತು ಮುರಿದವನ ತಕ್ಕಡಿಗೆ ಮತ್ತೆ ಯಾರೂ ಮಾಲು ಹಾಕುವುದಿಲ್ಲ. ಮೇಜು ಹೋಯಿತು ಎಂದುಕೊಂಡೆ. ಆದರೆ ನಲವತ್ತು ವರ್ಷ ಚೌಕಾಸಿ ಮಾಡಿದ ನಾಲಿಗೆ, ಅದು ಸುಮ್ಮನಿರಲಿಲ್ಲ.

"ಅಕ್ಕ, ಮಾತಿಗೆ ತಪ್ಪುದಿಲ್ಲ. ಒಂದೇ ಒಂದು ಕೇಳ್ತೇನೆ. ದುಡ್ಡು ಅಂದ್ರೆ ಕೊಟ್ಟಾಗ ಅಂಗಡಿಯವ ತಗೊಳ್ಬೇಕು, ಅಲ್ವಾ? ಇದನ್ನು ನಮ್ಮ ಬಿಲ್ಡಿಂಗಿನಲ್ಲೇ ಯಾರಾದ್ರೂ ಒಬ್ರು ತಗೊಂಡ್ರೆ ನಾಳೆ ಬೆಳಿಗ್ಗೆ ಮೇಜು ಹೊರಗೆ ಇಡ್ತೇನೆ."

"ತಗೊಳ್ಳದೆ ಎಂತ? ಕಾನೂನು ಪ್ರಕಾರ ತಗೊಳ್ಬೇಕು" ಎಂದು ಅವರು ಎದ್ದೇ ಬಿಟ್ಟರು. ಬ್ಯಾಂಕಿನವರ ಮರ್ಯಾದೆಯ ಪ್ರಶ್ನೆ. ನೇರ ನಡೆದದ್ದು ಪಕ್ಕದ ರಾಘುವಿನ ಅಂಗಡಿಗೆ. ನಾವೆಲ್ಲ ಬಾಗಿಲಲ್ಲಿ ನಿಂತೆವು.

ರಾಘುವಿನ ಬೋರ್ಡಿನಲ್ಲಿ ಒಂದು ಪ್ರತಿಗೆ ಒಂದೂವರೆ ರೂಪಾಯಿ ಎಂದಿತ್ತು. ತೆಗೆದುಕೊಳ್ಳುತ್ತಿದ್ದುದು ಎರಡು, ಚಿಲ್ಲರೆ ಇಲ್ಲ ಎಂದು ಹೇಳಿ. ಇದು ಇಡೀ ಮಣಿಪಾಲಕ್ಕೆ ಗೊತ್ತು. ವಾಸಂತಕ್ಕ ಕರಾರಿನ ಮೊದಲ ಹಾಳೆಯನ್ನು ಪ್ರತಿ ಮಾಡಿಸಿ, ಒಂದು ರೂಪಾಯಿಯ ಮೇಲೆ ಎಂಟಾಣೆ ಇಟ್ಟರು. ರಾಘು ರೂಪಾಯಿ ತೆಗೆದುಕೊಂಡು ಎಂಟಾಣೆಯನ್ನು ಬೆರಳ ತುದಿಯಲ್ಲಿ ಹಿಂದಕ್ಕೆ ದೂಡಿದ.

"ಅಕ್ಕ, ಇದು ನಡೆಯುದಿಲ್ಲ. ಇನ್ನೊಂದು ರೂಪಾಯಿ ಕೊಡಿ, ಇಲ್ಲದಿದ್ರೆ ಫೋನಿನಲ್ಲಿ ಸ್ಕ್ಯಾನ್ ಮಾಡಿ."

"ಬೋರ್ಡಿನಲ್ಲಿ ಒಂದೂವರೆ ಅಂತ ಉಂಟಲ್ಲ?"

"ಅದು ಹಳೆ ಬೋರ್ಡು ಅಕ್ಕ."

"ಎಂಟಾಣೆ ದುಡ್ಡು ರಾಘು. ಬೇಡ ಅಂತ ಹೇಳ್ಲಿಕ್ಕೆ ನೀನು ಯಾರು?"

"ದುಡ್ಡೆಂತ ಬಂತು ಅಕ್ಕ ಇದು, ಯಾರೂ ಮೂಸುದಿಲ್ಲ" ಎಂದು ರಾಘು ನಕ್ಕ. "ಮಕ್ಕಳಿಗೆ ಆಡ್ಲಿಕ್ಕೆ ಕೊಡಿ. ಅದಕ್ಕೆ ಮಾತ್ರ ಆಗುದು."

ನನ್ನ ಹಿಂದೆ ಬಸವರಾಜ ಗಂಟಲು ಸರಿಮಾಡಿಕೊಂಡ. ನಾನು ಮೊಣಕೈಯಲ್ಲಿ ಅವನನ್ನು ತಿವಿದೆ. ಎದುರಿನವನು ನಮ್ಮ ಮಾತನ್ನು ಆಡುತ್ತಿರುವಾಗ ನಡುವೆ ಬಾಯಿ ಹಾಕಬಾರದು, ಇದನ್ನು ಬರೆದಿಟ್ಟುಕೊಳ್ಳಿ.

ವಾಸಂತಕ್ಕ ಎಂಟಾಣೆಯ ಮೇಲೆ ಬೆರಳಿಟ್ಟು ರಾಘುವನ್ನು ಕೇಳಿದರು: "ಆಡ್ಲಿಕ್ಕೆ ಮಾತ್ರ ಆಗುದಾ? ಹಾಗಾದ್ರೆ ಕೆಳಗೆ ಜುಗಾರಿ ಅಂತ ಹೇಳಿದ್ದು ಎಂತದರಲ್ಲಿ ಮಾರಾಯ? ಯಾರೊಟ್ಟಿಗೆ, ಸಮುದ್ರದೊಟ್ಟಿಗಾ?"

ರಾಘುವಿನ ಮುಖ ಅವನ ಮೆಷಿನ್ನಿನಿಂದ ಶಾಯಿ ಮುಗಿದಾಗ ಬರುವ ಹಾಳೆಯ ಹಾಗಾಯಿತು. ವಾಸಂತಕ್ಕ ಎಂಟಾಣೆಯನ್ನು ಎತ್ತಿ ಪರ್ಸಿಗೆ ಹಾಕಿಕೊಂಡು ನನ್ನ ಮೇಜಿಗೆ ಬಂದು ಕೂತರು.

"ಸದಾನಂದ್ರೇ, ಎಂಟಾಣೆ ದುಡ್ಡೇ. ಅದರಲ್ಲಿ ನಾನು ಬಿಟ್ಟುಕೊಡುದಿಲ್ಲ. ಆದ್ರೆ ದೂರು ಹೇಳಿದವನೇ ಅದು ಆಟದ ಸಾಮಾನು ಅಂತ ಹೇಳಿದ ಮೇಲೆ ದೂರು ಎಲ್ಲಿ ಉಳೀತು?" ಕರಾರಿಗೆ ಸಹಿ ಹಾಕಿದರು. ಒಂದು ವರ್ಷಕ್ಕಲ್ಲ, ಐದು ವರ್ಷಕ್ಕೆ. ಬಾಡಿಗೆ ಹಳೆಯದೇ. ಹೆಚ್ಚು ಕೊಡುತ್ತೇನೆಂದು ನಾನೇ ಹೇಳಿದ್ದೆನಲ್ಲ, ಅದನ್ನು ಅವರೂ ನೆನಪು ಮಾಡಲಿಲ್ಲ, ನಾನೂ ಮಾಡಲಿಲ್ಲ. ಒಂದೇ ಷರತ್ತು: ಇನ್ನು ಮೇಜಿನ ಮೇಲೆ ಯಾವ ನಾಣ್ಯವೂ ಕಾಣಬಾರದು, ಹಾಗೆಂದು ಬೋರ್ಡು ಬರೆದು ಹಾಕಬೇಕು. ಮರುದಿನ ನಾನೇ ಕೈಯಾರೆ ಬರೆದೆ. ಬಡಗಿಯ ಹತ್ತಿರ ಮರದ ಚೂರು ಕೇಳಿ ತಂದು ಕಾಯಿ ಮಾಡಿಸಿದೆ. ಮೊದಲೇ ಮಾಡಿಸಿದ್ದರೆ ಒಂದು ಊಟದ ಖರ್ಚು. ಉಳಿತಾಯ ಎಂದು ನೀವು ಮಾಡುವ ಪ್ರತಿಯೊಂದನ್ನೂ ಹೊರಗಿನಿಂದ ಬಂದವರ ಕಣ್ಣಿನಲ್ಲಿ ಒಮ್ಮೆ ನೋಡಿ, ಇಷ್ಟೇ ನನ್ನ ಉಪದೇಶ.

ವಾಸಂತಕ್ಕ ಆಮೇಲೂ ಆಟಕ್ಕೆ ಕೂರಲಿಲ್ಲ. ಆದರೆ ಭಾನುವಾರ ಸಂಜೆ ಮೇಲಿನ ಕಿಟಕಿಯಿಂದ ಸ್ವರ ಬರುತ್ತಿತ್ತು: "ಇವತ್ತು ಊರು ಉಳೀತಾ?" ಬಸವರಾಜ ಕೆಳಗಿನಿಂದ ಉತ್ತರಿಸುತ್ತಿದ್ದ. ಅವನು ಕೆಲಸಕ್ಕೆಂದು ಬೇರೆ ಊರಿಗೆ ಹೋಗುವ ಹಿಂದಿನ ವಾರ ಆಟದ ಊರು ಉಳಿಯಿತು. ಅವನು ಕುರ್ಚಿಯ ಮೇಲೆ ಹತ್ತಿ ಕಿಟಕಿಗೆ ಕೂಗಿ ಹೇಳಿದ. ಮೇಲಿನಿಂದ ಒಂದು ತಟ್ಟೆ ಗೋಳಿಬಜೆ ಇಳಿದು ಬಂತು. ಒಂದು ತುಂಡು ಪಕ್ಕದ ರಾಘುವಿಗೂ ಕೊಟ್ಟೆ. ಅವನು ಬೋರ್ಡಿನಲ್ಲಿ ಎರಡು ರೂಪಾಯಿ ಎಂದು ತಿದ್ದಿದ್ದ.

ಅಂಗಡಿಯನ್ನು ನಾನು ಬಿಟ್ಟುಕೊಟ್ಟದ್ದು ಸಫಿಯಾಗೆ. ನರ್ಸಿಂಗ್ ಮುಗಿಸಿ, ಗಲ್ಫಿನಲ್ಲಿ ನಾಲ್ಕು ವರ್ಷ ದುಡಿದು ಬಂದಿದ್ದಳು. ನನ್ನ ಹತ್ತಿರವೇ ಚೌಕಾಸಿ ಮಾಡಿ, ನಾನು ಹೇಳಿದ್ದರ ಮುಕ್ಕಾಲಿಗೆ ಮೇಜನ್ನೂ ಸೇರಿಸಿ ತೆಗೆದುಕೊಂಡಳು. ನನಗೆ ಅದರಷ್ಟು ಸಂತೋಷ ಕೊಟ್ಟ ಸೋಲು ಬೇರೆ ಇಲ್ಲ. ಹೊಸ ಕರಾರಿನ ದಿನ ವಾಸಂತಕ್ಕ ಪರ್ಸಿನಿಂದ ಆ ಎಂಟಾಣೆ ತೆಗೆದು ನನ್ನ ಕೈಗಿಟ್ಟರು. "ಇನ್ನು ನೀವು ಅಂಗಡಿಯವರಲ್ಲ, ಗಿರಾಕಿ. ನಿಮ್ಮ ದುಡ್ಡು ನಿಮ್ಮ ಹತ್ತಿರ ಇರ್ಲಿ."

ಮೊನ್ನೆ ಹೋಗಿದ್ದೆ. ಮೇಜಿನಲ್ಲಿ ಐವರು ಇದ್ದರು, ಆರನೆಯ ಕುರ್ಚಿ ನನಗೆ ಕೊಟ್ಟರು. ಆಟದ ನಡುವೆ ಒಂದು ಕಾಯಿ ಕೆಳಗೆ ಬಿದ್ದು ಕಪಾಟಿನಡಿಗೆ ಹೋಯಿತು. ಹಳೆ ಅಭ್ಯಾಸ, ಅಂಗಿಯ ಜೇಬಿಗೆ ಕೈ ಹಾಕಿ, ಎಂಟಾಣೆ ತೆಗೆದು ನಕಾಶೆಯ ಮೇಲಿಟ್ಟೆ.

ಗಲ್ಲೆಯಿಂದ ಸಫಿಯಾಳ ಸ್ವರ ಬಂತು. "ಅಂಕಲ್, ನಾಣ್ಯ ತೆಗೀರಿ. ಬೋರ್ಡು ಕಾಣುದಿಲ್ವಾ?"

ತಲೆ ಎತ್ತಿ ನೋಡಿದೆ. ನನ್ನದೇ ಕೈಬರಹ, ಬಣ್ಣ ಸ್ವಲ್ಪ ಮಾಸಿದೆ. ನಾಣ್ಯ ಜೇಬಿಗೆ ಹಾಕಿಕೊಂಡು, ಮೊಣಕಾಲೂರಿ, ಕಪಾಟಿನಡಿಯಿಂದ ಕಾಯಿ ಹುಡುಕಿ ತಂದೆ. ಅಂದು ನಮ್ಮ ಊರು ಉಳಿಯಿತು.